ಕಾಲಮ್ ನಿಂತ ದಿನ, ಕ್ಲಾಂಪ್ ಬಿದ್ದ ದಿನ

ರಾತ್ರಿ ಪಾಳಿಯ ಸಿಸ್ಟರ್ ಹ್ಯಾಂಡೋವರ್ ಕೊಡುವಾಗ ಆ ಹಾಸಿಗೆಯ ಬಗ್ಗೆ ಹೇಳಿದ್ದು ಇಷ್ಟೇ: "ಐಸಿಡಿ ಮೂರನೇ ದಿನ. ರಾತ್ರಿಯಿಡೀ ಬರೀ 20 ಎಂಎಲ್ ಬಂದಿದೆ, ಕಾಲಮ್ ನಿಂತಿದೆ. ಲಂಗ್ ತೆರೆದುಕೊಂಡಿರಬೇಕು ಮೇಡಂ, ರೌಂಡ್ಸಲ್ಲಿ ತೆಗೆಯೋಕೆ ಹೇಳಬಹುದು." ಐಸಿಡಿ ಎಂದರೆ ಎದೆಯೊಳಗೆ ಸೇರಿದ ದ್ರವ, ಗಾಳಿ ಹೊರತೆಗೆಯಲು ಹಾಕುವ ಎದೆನಳಿಕೆ; ಕಾಲಮ್ ಎಂದರೆ ಅದಕ್ಕೆ ಜೋಡಿಸಿದ ಬಾಟಲಿಯ ಕೊಳವೆಯಲ್ಲಿ ಉಸಿರಿನ ಜೊತೆ ಏರಿಳಿಯುವ ನೀರು. ಹೇಳಿದ ಸಂಖ್ಯೆಯಲ್ಲಿ ತಪ್ಪಿರಲಿಲ್ಲ, ನೋಡಿದ್ದರಲ್ಲೂ ತಪ್ಪಿರಲಿಲ್ಲ. ಆದರೆ ಅದರಿಂದ ಕಟ್ಟಿಕೊಂಡ ಅರ್ಥ ತಪ್ಪಾಗಿತ್ತು. ಐದು ದಿನ ಕಳೆದ ಮೇಲೆ ಅದೇ ರೋಗಿಯ ಅದೇ ನಳಿಕೆಯನ್ನು ನಾವು ಮತ್ತೊಮ್ಮೆ ತಪ್ಪಾಗಿ ಓದಿದೆವು. ಆ ಸಲ ಆತನ ಪ್ರಾಣಕ್ಕೇ ಬಂದಿತ್ತು. ಎದೆನಳಿಕೆ ಇರುವ ರೋಗಿಗಳನ್ನು ದಿನವೂ ನೋಡಿಕೊಳ್ಳುವವರಿಗೆ ಈ ಎರಡೂ ಘಟನೆಗಳು ತಿಳಿದಿರಲಿ ಎಂದು ಇಡೀ ಪ್ರಕರಣವನ್ನು ಬರೆಯುತ್ತಿದ್ದೇನೆ. ರೋಗಿಯ ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.

ವಯಸ್ಸು 52, ಹಲವು ವರ್ಷಗಳ ಸಕ್ಕರೆ ಕಾಯಿಲೆ. ಒಂಬತ್ತು ದಿನದಿಂದ ಜ್ವರ, ಕೆಮ್ಮು, ಬಲ ಎದೆಯಲ್ಲಿ ಉಸಿರೆಳೆದಾಗಲೆಲ್ಲ ಚುಚ್ಚುವ ನೋವು. ಮೊದಲು ನ್ಯುಮೋನಿಯಾ ಎಂದು ಮಾತ್ರೆ ನುಂಗಿದ್ದರು, ನಡುವೆ ಸ್ವಲ್ಪ ಹಗುರಾಗಿ ಜ್ವರ ಮತ್ತೆ ಏರಿತ್ತು. ವಾರ್ಡಿಗೆ ಬಂದಾಗ ಉಷ್ಣತೆ 39.1 ಡಿಗ್ರಿ, ಉಸಿರಾಟ ನಿಮಿಷಕ್ಕೆ 32, ನಾಡಿ 118, ಆಕ್ಸಿಜನ್ ಇಲ್ಲದೆ ಸ್ಯಾಚುರೇಷನ್ 89. ಬಲ ಬೆನ್ನಿನ ಕೆಳಭಾಗವನ್ನು ಬೆರಳಿನಿಂದ ತಟ್ಟಿದರೆ ಕಲ್ಲು ತಟ್ಟಿದಂತೆ ಮಂದ ಸದ್ದು, ಸ್ಟೆತಸ್ಕೋಪ್ ಇಟ್ಟರೆ ಉಸಿರಿನ ಸದ್ದೇ ಇಲ್ಲ. ಎಕ್ಸ್‌ರೇಯಲ್ಲಿ ಬಲಗಡೆಯ ಕೆಳ ಅರ್ಧ ಪೂರ್ತಿ ಬೆಳ್ಳಗಿತ್ತು.

ಶ್ವಾಸಕೋಶವನ್ನು ಒಂದು ತೆಳು ಪೊರೆ ಸುತ್ತಿಕೊಂಡಿರುತ್ತದೆ, ಎದೆಗೂಡಿನ ಒಳಗೋಡೆಗೆ ಇನ್ನೊಂದು ಅಂಟಿಕೊಂಡಿರುತ್ತದೆ. ಇವೆರಡರ ನಡುವಿನ ಪ್ಲೂರಾ ಅವಕಾಶದಲ್ಲಿ ಆರೋಗ್ಯವಂತರಿಗೆ ಇರುವುದು ಒಂದೆರಡು ಚಮಚದಷ್ಟು ದ್ರವ ಮಾತ್ರ. ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆ ಎಳೆತ ಇರುವುದರಿಂದಲೇ ಶ್ವಾಸಕೋಶ ಕುಗ್ಗದೆ ಎದೆಗೋಡೆಗೆ ಅಂಟಿಕೊಂಡು ಹಿಗ್ಗಿರುತ್ತದೆ. ನ್ಯುಮೋನಿಯಾ ಪಕ್ಕದ ಪೊರೆಗೂ ಉರಿಯೂತ ತಂದಾಗ ಅಲ್ಲಿ ದ್ರವ ಸೇರುತ್ತದೆ. ಮೊದಲು ತಿಳಿನೀರಿನಂತಿರುವುದು ಬರಬರುತ್ತಾ ಕದಡುತ್ತದೆ, ಫೈಬ್ರಿನ್ ಎಂಬ ಅಂಟು ನಾರಿನ ಎಳೆಗಳು ಹೆಣೆದುಕೊಂಡು ಕೋಣೆ ಕೋಣೆಗಳಾಗುತ್ತವೆ, ಕೊನೆಗೆ ಶ್ವಾಸಕೋಶದ ಮೇಲೆ ದಪ್ಪ ಸಿಪ್ಪೆ ಕಟ್ಟುತ್ತದೆ. ಈ ಮೂರು ಹಂತಗಳ ನಡುವೆ ಗೆರೆ ಎಳೆದಂತೆ ಬೇರ್ಪಡೆ ಇರುವುದಿಲ್ಲ. ನಮ್ಮ ರೋಗಿ ಬಂದಾಗ ಎರಡನೇ ಹಂತಕ್ಕೆ ಕಾಲಿಟ್ಟಾಗಿತ್ತು.

ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕಿದಾಗ ಬಂದದ್ದು ಕದಡಿದ ಹಳದಿ ದ್ರವ. ಆಮ್ಲತೆ ತೋರಿಸುವ ಪಿಎಚ್ 7.04, ಗ್ಲೂಕೋಸ್ 26 ಮಿ.ಗ್ರಾಂ. ಪಿಎಚ್ 7.2ಕ್ಕಿಂತ ಕೆಳಗಿದ್ದರೆ ಆಂಟಿಬಯಾಟಿಕ್ ಒಂದನ್ನೇ ನಂಬಿ ಕೂರುವಂತಿಲ್ಲ, ನಳಿಕೆ ಹಾಕಲೇಬೇಕು. ಈ ಪರೀಕ್ಷೆ ಸರಿಯಾಗಿ ಬರುವುದು ಮಾದರಿ ತೆಗೆಯುವವರ ಕೈಯಲ್ಲಿದೆ. ಸಿರಿಂಜಿನಲ್ಲಿ ಗಾಳಿ ಉಳಿದರೆ ಪಿಎಚ್ ಸುಳ್ಳಾಗಿ ಏರುತ್ತದೆ, ಮರಗಟ್ಟಿಸುವ ಲಿಗ್ನೋಕೇನ್ ಬೆರೆತರೆ ಸುಳ್ಳಾಗಿ ಇಳಿಯುತ್ತದೆ. ಗಟ್ಟಿ ಕೀವೇ ಬಂದರೆ ಪಿಎಚ್ ನೋಡುವ ಅಗತ್ಯವೇ ಇಲ್ಲ, ಆ ಕೀವೇ ಉತ್ತರ.

ಕಂಕುಳಿನ ಕೆಳಗಿನ ಸುರಕ್ಷಿತ ತ್ರಿಕೋನದಲ್ಲಿ, ಐದನೇ ಪಕ್ಕೆಲುಬಿನ ಸಂದಿಯಲ್ಲಿ, 24 ಫ್ರೆಂಚ್ ಅಳತೆಯ, ಅಂದರೆ ಸುಮಾರು 8 ಮಿ.ಮೀ. ದಪ್ಪದ, ನಳಿಕೆ ಹಾಕಿದರು. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳವೂ ನರವೂ ಹಾದುಹೋಗುತ್ತವೆ, ಹಾಗಾಗಿ ಕೆಳಗಿನ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡೇ ಒಳಹೋಗಬೇಕು. ಚರ್ಮದ ಹತ್ತಿರ ನಳಿಕೆಯ ಮೇಲೆ 12 ಸೆಂ.ಮೀ. ಗುರುತು ಕಾಣುತ್ತಿತ್ತು. ಅದನ್ನು ಚಾರ್ಟಿನ ಮೇಲ್ತುದಿಯಲ್ಲಿ ಬರೆದಿಟ್ಟೆವು. ಆಗ ಅದು ಸಣ್ಣ ವಿವರ ಎನ್ನಿಸಿತ್ತು, ಎಂಟನೇ ದಿನ ಅದೇ ದಾರಿ ತೋರಿಸಿತು.

ನಳಿಕೆ ತೆರೆದ ಕೂಡಲೇ ದ್ರವ ಸುರಿಯತೊಡಗಿತು. ಮುಕ್ಕಾಲು ಗಂಟೆಯಲ್ಲಿ 1,100 ಮಿ.ಲೀ. ಅಷ್ಟರಲ್ಲಿ ಆತನಿಗೆ ಬಿಡದೆ ಕೆಮ್ಮು, ಎದೆ ಬಿಗಿದಂತೆ ಅನುಭವ. ಬಹಳ ದಿನ ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿದರೆ ಅದರೊಳಗೇ ನೀರು ತುಂಬಿಕೊಳ್ಳುವ ಅಪಾಯವಿದೆ. ಅದಕ್ಕೇ ಒಮ್ಮೆಗೆ ಒಂದರಿಂದ ಒಂದೂವರೆ ಲೀಟರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಡ್ಯೂಟಿ ಡಾಕ್ಟರ್ ನಳಿಕೆಯನ್ನು ಬಿಗಿದು ಮುಚ್ಚುವ ಇಕ್ಕಳವನ್ನು, ಅಂದರೆ ಕ್ಲಾಂಪ್, ಹಾಕಿಸಿದರು, ಎರಡು ಗಂಟೆ ಬಿಟ್ಟು ನಿಧಾನಕ್ಕೆ ತೆರೆದರು. ಅಲ್ಲಿ ಗಾಳಿ ಸೋರುತ್ತಿರಲಿಲ್ಲ, ಇದ್ದದ್ದು ದ್ರವ ಮಾತ್ರ. ಆ ಹೊತ್ತಿಗೆ ಆ ಕ್ಲಾಂಪ್ ಸರಿಯಾದದ್ದೇ. ಕೆಲಸ ಮುಗಿದ ಮೇಲೆ ಅದು ಹಾಸಿಗೆಯ ತಲೆದಿಂಬಿನ ಬದಿಯ ಕಂಬಿಗೆ ನೇತುಬಿದ್ದು ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆಗೆ ಒಟ್ಟು 1,450, ಎರಡನೇ ದಿನ ಸಂಜೆಯವರೆಗೆ ಇನ್ನೂ 310. ಆಮೇಲೆ ಆ 20.

ಈಗ ಕಾಲಮ್ ವಿಷಯ. ಬಾಟಲಿಯೊಳಗೆ ನಳಿಕೆಯ ತುದಿ 2 ಸೆಂ.ಮೀ.ನಷ್ಟು ನೀರಿನಲ್ಲಿ ಮುಳುಗಿರುತ್ತದೆ. ಒಳಗಿನದು ಹೊರಬರಬಹುದು, ಹೊರಗಿನ ಗಾಳಿ ಒಳಹೋಗದಂತೆ ನೀರು ತಡೆಯುತ್ತದೆ. ಹ್ಯಾಂಬರ್ಗ್‌ನ ವೈದ್ಯ ಗೊಟ್‌ಹಾರ್ಡ್ ಬ್ಯೂಲಾವ್ 1875ರಲ್ಲಿ ಎದೆಯ ಕೀವಿಗೆಂದು ಬಳಸಿದ ಉಪಾಯವಿದು, ಇಂದಿಗೂ ತತ್ತ್ವ ಬದಲಾಗಿಲ್ಲ. 1918ರ ಸುಮಾರಿಗೆ ಅಮೆರಿಕದ ಸೇನಾ ಶಿಬಿರಗಳಲ್ಲಿ ಎದೆಯನ್ನು ಬೇಗನೆ ಕೊಯ್ದು ತೆರೆದಿಟ್ಟು ಕೀವು ತೆಗೆಯುತ್ತಿದ್ದಾಗ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದರು. ಹೊರಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತಿತ್ತು. ಶಸ್ತ್ರವೈದ್ಯ ಎವರ್ಟ್ಸ್ ಗ್ರಹಾಂ ಇದ್ದ ಆಯೋಗ ಮುಚ್ಚಿದ ವ್ಯವಸ್ಥೆಯನ್ನೇ ಬಳಸಿ ಎಂದ ಮೇಲೆ ಸಾವು ಬಹಳ ಇಳಿಯಿತು. ಆ ಎರಡು ಸೆಂ.ಮೀ. ನೀರನ್ನು ನೋಡುವಾಗಲೆಲ್ಲ ನನಗೆ ಆ ಸೈನಿಕರ ನೆನಪಾಗುತ್ತದೆ.

ರೋಗಿ ತಾನಾಗಿ ಉಸಿರೆಳೆದಾಗ ಕೊಳವೆಯೊಳಗಿನ ನೀರು ಮೇಲೇರುತ್ತದೆ, ಬಿಟ್ಟಾಗ ಇಳಿಯುತ್ತದೆ. ಇದನ್ನೇ ವಾರ್ಡಿನಲ್ಲಿ ಕಾಲಮ್ ಆಡುವುದು ಎನ್ನುತ್ತೇವೆ. ಕಾಲಮ್ ಆಡುತ್ತಿದ್ದರೆ ಪ್ಲೂರಾ ಅವಕಾಶಕ್ಕೂ ಬಾಟಲಿಗೂ ದಾರಿ ತೆರೆದಿದೆ ಎಂದರ್ಥ. ನಿಂತರೆ? ಶ್ವಾಸಕೋಶ ಪೂರ್ತಿ ಹಿಗ್ಗಿ ನಳಿಕೆಯ ರಂಧ್ರಗಳಿಗೆ ಒತ್ತಿಕೊಂಡಿರಬಹುದು, ಅದು ಶುಭ. ನಳಿಕೆ ಮಡಚಿರಬಹುದು, ಕಟ್ಟಿರಬಹುದು, ಅದು ಅಶುಭ. ಬಾಟಲಿಯನ್ನು ಗಾಳಿ ಎಳೆಯುವ ಸಕ್ಷನ್‌ಗೆ ಜೋಡಿಸಿದ್ದರೂ ಕಾಲಮ್ ಆಡುವುದಿಲ್ಲ, ಆಗ ಸಕ್ಷನ್ ಕ್ಷಣಕಾಲ ಬಿಡಿಸಿ ನೋಡಬೇಕಾಗುತ್ತದೆ. ಬಾಟಲಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇವುಗಳಲ್ಲಿ ಯಾವುದು ಎಂದು ಅದು ಹೇಳುವುದಿಲ್ಲ. ಹೇಳುವುದು ರೋಗಿ.

ಆ ಬೆಳಿಗ್ಗೆ ಅವರು ಬಲ ತೋಳನ್ನು ಪಕ್ಕೆಗೆ ಒತ್ತಿಕೊಂಡು ಅಲುಗಾಡದೆ ಕೂತಿದ್ದರು. ಉಷ್ಣತೆ 38.6, ಉಸಿರಾಟ 28. ಬೆನ್ನು ತಟ್ಟಿದೆ, ಮೊದಲ ದಿನದ್ದೇ ಮಂದ ಸದ್ದು, ಎರಡು ಬೆರಳಷ್ಟು ಕೆಳಗಿಳಿದಿತ್ತು ಅಷ್ಟೆ. ಶ್ವಾಸಕೋಶ ತೆರೆದುಕೊಂಡ ರೋಗಿ ಹೀಗಿರುವುದಿಲ್ಲ. ಎದೆಯಿಂದ ಬಾಟಲಿಯವರೆಗೆ ಕೈಯಾಡಿಸುತ್ತಾ ಬಂದೆ. ಡ್ರೆಸಿಂಗ್ ಒಣಗಿತ್ತು, 12ರ ಗುರುತು ಅಲ್ಲೇ ಇತ್ತು. ಸೊಂಟದ ಹತ್ತಿರ ನಳಿಕೆ ಅವರ ಮೈಕೆಳಗೆ ಸಿಕ್ಕಿತ್ತು, ಮುಂದೆ ಹಾಸಿಗೆಯ ಕೆಳಗೆ ಉದ್ದಕ್ಕೆ ಜೋತುಬಿದ್ದು ತಗ್ಗಿನಲ್ಲಿ ದ್ರವ ನಿಂತಿತ್ತು. ಹಾಗೆ ನಿಂತ ದ್ರವ ಹಿಂದಿನಿಂದ ಬರುವುದಕ್ಕೆ ಅಡ್ಡವಾಗುತ್ತದೆ. ಮಡಿಕೆ ಬಿಡಿಸಿ, ಜೋತು ತೆಗೆದು, "ಒಂದು ಸಲ ಜೋರಾಗಿ ಕೆಮ್ಮಿ ಯಜಮಾನ್ರೇ" ಎಂದೆ. ಅವರು ಕೆಮ್ಮಲೇ ಇಲ್ಲ. "ಆಗಲ್ಲ ಸಿಸ್ಟರ್, ಒಳಗೆ ಹರಿದ ಹಾಗಾಗುತ್ತೆ" ಎಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನೋವಿನ ಮಾತ್ರೆ "ಬೇಕಾದಾಗ ಕೊಡಿ" ಎಂದು ಬರೆದಿತ್ತು. ಅವರು ಕೇಳಿರಲಿಲ್ಲ, ನಾವು ಕೊಟ್ಟಿರಲಿಲ್ಲ. ಪಕ್ಕೆಲುಬಿನ ಸಂದಿಯಲ್ಲಿ ಪೆನ್ಸಿಲ್ ದಪ್ಪದ ನಳಿಕೆ ಇಟ್ಟುಕೊಂಡವರು ಬಾಯಿಬಿಟ್ಟು ಕೇಳಲಿ ಎಂದು ಕಾಯುವುದು ಶುಶ್ರೂಷೆಯಲ್ಲ. ನೋವಿದ್ದರೆ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ತೋಳು ಎತ್ತುವುದಿಲ್ಲ. ಕಫ ನಿಲ್ಲುತ್ತದೆ, ಶ್ವಾಸಕೋಶ ಹಿಗ್ಗುವುದಿಲ್ಲ, ಕೆಲವೇ ದಿನದಲ್ಲಿ ಭುಜ ಬಿಗಿಯುತ್ತದೆ. ಅಂದಿನಿಂದ ಆರು ಗಂಟೆಗೊಮ್ಮೆ ತಪ್ಪದೆ ನೋವಿನ ಔಷಧ ಕೊಡುವಂತೆ ಬರೆಸಿದೆ. ಮಧ್ಯಾಹ್ನಕ್ಕೆ ಅವರು ದಿಂಬನ್ನು ಪಕ್ಕೆಗೆ ಅವುಚಿಕೊಂಡು ಕೆಮ್ಮಿದರು.

ಕೆಮ್ಮಿದಾಗಲೂ ಕಾಲಮ್ ಅಲ್ಲಾಡಲಿಲ್ಲ. ಜೊತೆಯಲ್ಲಿದ್ದ ಕಿರಿಯ ಸಿಸ್ಟರ್ ನಳಿಕೆಯನ್ನು ಹಿಂಡಿ ಎಳೆಯಲು ಕೈ ಹಾಕಿದರು, ತಡೆದೆ. ಹಾಗೆ ಉದ್ದಕ್ಕೆ ಹಿಂಡಿದಾಗ ಒಳಗೆ 400 ಸೆಂ.ಮೀ. ನೀರಿನಷ್ಟು ಎಳೆತ ಹುಟ್ಟಬಲ್ಲದು. ನಾವು ಸಕ್ಷನ್ ಇಡುವುದೇ ಹೆಚ್ಚೆಂದರೆ 20. ಶ್ವಾಸಕೋಶದ ಅಂಗಾಂಶ ರಂಧ್ರದೊಳಗೆ ಎಳೆದುಕೊಂಡು ಗಾಯವಾಗುತ್ತದೆ. ಡಾಕ್ಟರ್ ಬಂದು ಶುಚಿತ್ವದ ಕ್ರಮದಲ್ಲೇ 30 ಮಿ.ಲೀ. ಸಲೈನ್ ನಿಧಾನಕ್ಕೆ ಒಳಬಿಟ್ಟರು. ಒಸರಿಕೊಂಡು ಬಂದದ್ದು ಹಸಿ ಹತ್ತಿಯ ಎಳೆಯಂಥ ಫೈಬ್ರಿನ್ ತುಣುಕು. ಕಾಲಮ್ ಎರಡು ಸಲ ಆಡಿತು, ಮತ್ತೆ ನಿಂತಿತು. ಅಲ್ಟ್ರಾಸೌಂಡಿನಲ್ಲಿ ಒಳಗೆ ಜೇಡರ ಬಲೆಯಂತೆ ಪರದೆಗಳು. ನಳಿಕೆ ಒಂದು ಕೋಣೆಯಲ್ಲಿತ್ತು, ಕೀವು ಉಳಿದ ಕೋಣೆಗಳಲ್ಲಿತ್ತು. ಹ್ಯಾಂಡೋವರ್ ಕೇಳಿಕೊಂಡು ಅಂದೇ ನಳಿಕೆ ತೆಗೆದಿದ್ದರೆ ಕೀವನ್ನು ಒಳಗೇ ಮುಚ್ಚಿಟ್ಟಂತಾಗುತ್ತಿತ್ತು.

ಸಂಜೆಯಿಂದ ಒಳಗಿನ ಎಳೆಗಳನ್ನು ಕರಗಿಸುವ ಔಷಧ ಶುರುವಾಯಿತು. ಟಿಪಿಎ 10 ಮಿ.ಗ್ರಾಂ. ಮತ್ತು ಡಿಎನೇಸ್ 5 ಮಿ.ಗ್ರಾಂ., ದಿನಕ್ಕೆರಡು ಸಲ, ಮೂರು ದಿನ. 2011ರಲ್ಲಿ ಪ್ರಕಟವಾದ ಮಿಸ್ಟ್-2 ಅಧ್ಯಯನದಲ್ಲಿ ಎರಡನ್ನೂ ಜೊತೆಗೆ ಕೊಟ್ಟಾಗ ಮಾತ್ರ ಲಾಭ ಕಂಡಿತ್ತು, ಒಂದೊಂದನ್ನೇ ಕೊಟ್ಟಾಗ ಕಂಡಿರಲಿಲ್ಲ. ಟಿಪಿಎ ಫೈಬ್ರಿನ್ ಕತ್ತರಿಸುತ್ತದೆ, ಡಿಎನೇಸ್ ಕೀವಿನ ಅಂಟನ್ನು ಸಡಿಲಿಸುತ್ತದೆ. ಔಷಧ ಹಾಕಿದಾಗಲೆಲ್ಲ ಒಂದು ಗಂಟೆ ಕ್ಲಾಂಪ್. ಕಂಬಿಗೆ ನೇತಾಡುತ್ತಿದ್ದ ಅದೇ ಕ್ಲಾಂಪ್, ಆರು ಸಲ. ಗಾಳಿಯ ಗುಳ್ಳೆ ಇರಲಿಲ್ಲವಾಗಿ ಅದೂ ಸರಿಯೇ. ರಕ್ತ ಹೆಚ್ಚು ಬರುತ್ತದೆಯೇ ಎಂದು ಕಾಯುತ್ತಿದ್ದೆವು, ನಸುಗೆಂಪು ಬಿಟ್ಟರೆ ಬೇರೇನೂ ಆಗಲಿಲ್ಲ. ನಾವು ಒಳಗೆ ಹಾಕಿದ್ದನ್ನು ಕಳೆದು ಮೂರು ದಿನದಲ್ಲಿ 2,100 ಮಿ.ಲೀ. ಹೊರಬಂತು. ಹೀಗೆ ಕಳೆಯುವುದು ಎಷ್ಟೋ ಚಾರ್ಟುಗಳಲ್ಲಿ ತಪ್ಪಿಹೋಗುತ್ತದೆ. ಜ್ವರ 37.5ಕ್ಕೆ ಇಳಿಯಿತು.

ಎಂಟನೇ ದಿನ ಬೆಳಿಗ್ಗೆ ಕೆಮ್ಮಿದಾಗ ಬಾಟಲಿಯಲ್ಲಿ ಗುಳ್ಳೆ ಕಂಡಿತು. ಹತ್ತು ಗಂಟೆಯ ಹೊತ್ತಿಗೆ ಪ್ರತಿ ಸಲ ಉಸಿರು ಬಿಟ್ಟಾಗಲೂ ಗುಳುಗುಳು ಸದ್ದು. ಗಾಳಿ ಬರುತ್ತಿರುವುದು ಎದೆಯಿಂದಲೋ ಸಡಿಲಾದ ಜೋಡಣೆಯಿಂದಲೋ ಎಂದು ಮೊದಲು ಗೊತ್ತಾಗಬೇಕು. ಎದೆಗೆ ಹತ್ತಿರ ನಳಿಕೆಯನ್ನು ಬೆರಳಲ್ಲಿ ಎರಡು ಸೆಕೆಂಡ್ ಒತ್ತಿ ಹಿಡಿದೆ, ಗುಳ್ಳೆ ನಿಂತಿತು. ಬೆರಳಿನಾಚೆ ಜೋಡಣೆ ಸಡಿಲಿದ್ದರೆ ಗುಳ್ಳೆ ಬರುತ್ತಲೇ ಇರುತ್ತಿತ್ತು. ಅಂದರೆ ಗಾಳಿಯ ಮೂಲ ಬೆರಳಿಗಿಂತ ಈಚೆ, ಎದೆಯ ಕಡೆ. ನಳಿಕೆ ಸ್ವಲ್ಪ ಹೊರಜಾರಿ ಅದರ ಪಕ್ಕದ ರಂಧ್ರ ಚರ್ಮದಾಚೆ ಬಂದಿದ್ದರೂ ಹೀಗೆಯೇ ಆಗುತ್ತದೆ. ಆದರೆ 12ರ ಗುರುತು ಕದಲಿರಲಿಲ್ಲ. ಉಳಿದದ್ದು ಒಂದೇ: ಸೋಂಕು ತಿಂದುಹಾಕಿದ ಜಾಗದಲ್ಲಿ ಶ್ವಾಸನಾಳಕ್ಕೂ ಪ್ಲೂರಾ ಅವಕಾಶಕ್ಕೂ ನಡುವೆ ತೂತು. ಎಳೆ ಕರಗಿಸುವ ಔಷಧ ಇನ್ನು ಕೊಡುವಂತಿಲ್ಲ ಎಂದಾಯಿತು, ಒಳಗೆ ಹಾಕಿದ್ದು ತೂತಿನಿಂದ ಒಳ್ಳೆಯ ಶ್ವಾಸಕೋಶಕ್ಕೆ ಹರಿಯಬಹುದು. ಅದೇ ಕಾರಣಕ್ಕೆ ಅವರನ್ನು ಬಲಮಗ್ಗುಲು ಕೆಳಗೆ ಬರುವಂತೆ ಒರಗಿಸಿ ಮಲಗಿಸಿದೆವು. ಸಿಟಿ ಸ್ಕ್ಯಾನ್‌ಗೆ ಬರೆದರು.

ಕರೆದೊಯ್ಯುವ ಚೀಟಿ ಬರೆದದ್ದು ನಾನೇ. "ಬಲ ಐಸಿಡಿ ಇದೆ, ಬಬಲಿಂಗ್ ಇದೆ, ಆಕ್ಸಿಜನ್ 4 ಲೀಟರ್" ಎಂದು ಬರೆದೆ. ಕ್ಲಾಂಪ್ ಹಾಕಬಾರದು ಎಂದು ಬರೆಯಲಿಲ್ಲ, ಹೇಳಲೂ ಇಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡೆ. ಜೊತೆಗೆ ಹೋದ ಕಿರಿಯ ಸಿಸ್ಟರ್ ಔಷಧ ಕೊಟ್ಟ ಆ ಮೂರು ದಿನ ಅದೇ ನಳಿಕೆಗೆ ಕ್ಲಾಂಪ್ ಹಾಕಿ ತೆಗೆದವರು. ಸ್ಟ್ರೆಚರ್ ಮೇಲೆ ಎತ್ತಿ ಮಲಗಿಸುವಾಗ ಬಾಟಲಿಯ ನೀರು ಎದೆಗೆ ಹಿಂದಿರುಗೀತು ಎಂಬ ಭಯದಿಂದ, ಒಳ್ಳೆಯದಾಗಲಿ ಎಂದೇ, ಕಂಬಿಯಿಂದ ಕ್ಲಾಂಪ್ ತೆಗೆದು ನಳಿಕೆಗೆ ಬಿಗಿದರು.

ಹತ್ತು ನಿಮಿಷಕ್ಕೆ ಸ್ಕ್ಯಾನ್ ಕೋಣೆಯಿಂದ ಕರೆ. ಓಡಿದೆ. ರೋಗಿ ಎದ್ದು ಕೂರಲು ಹೆಣಗುತ್ತಿದ್ದರು, ಕಣ್ಣು ಅರಳಿತ್ತು, ಮಾತು ಹೊರಡುತ್ತಿರಲಿಲ್ಲ. ಕತ್ತಿನ ರಕ್ತನಾಳ ಉಬ್ಬಿ ನಿಂತಿತ್ತು. ನಾಡಿ 144, ಸ್ಯಾಚುರೇಷನ್ 76, ಬಿಪಿ 78ರ ಮೇಲಿರಲಿಲ್ಲ. ಪಕ್ಕದವರು ಆಕ್ಸಿಜನ್ ಏರಿಸುತ್ತಿದ್ದರು. ನನ್ನ ಕಣ್ಣು ಬಾಟಲಿಯ ಕಡೆ ಹೋಯಿತು. ಬೆಳಿಗ್ಗೆಯಿಂದ ಗುಳುಗುಟ್ಟುತ್ತಿದ್ದ ಬಾಟಲಿ ಪೂರ್ತಿ ಮೌನ. ಹೊದಿಕೆ ಸರಿಸಿದರೆ ನಳಿಕೆಯ ಮೇಲೆ ಕ್ಲಾಂಪ್.

ಬಿಚ್ಚಿದೆ. ಬಾಟಲಿಯ ನೀರು ಕುದಿಯುವಂತೆ ಉಕ್ಕಿತು, ಹೊರಕೊಳವೆಯಿಂದ ಹನಿಗಳು ನನ್ನ ಪಾದದ ಮೇಲೆ ಬಿದ್ದವು. ಎಷ್ಟೋ ಸೆಕೆಂಡುಗಳವರೆಗೆ ಗಾಳಿ ಬರುತ್ತಲೇ ಇತ್ತು. ಸ್ಯಾಚುರೇಷನ್ 80, 84, 90. ನಾಲ್ಕು ನಿಮಿಷದಲ್ಲಿ 93. ಬಿಪಿ 104. ಅವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದನ್ನು ಆಗ ಗಮನಿಸಿದೆ, ಬಿಡಿಸಿಕೊಳ್ಳಲಿಲ್ಲ.

ಆ ಹತ್ತು ನಿಮಿಷ ಒಳಗೆ ನಡೆದದ್ದಿಷ್ಟು. ಪ್ರತಿ ಸಲ ಉಸಿರೆಳೆದಾಗ ತೂತಿನಿಂದ ಗಾಳಿ ಪ್ಲೂರಾ ಅವಕಾಶಕ್ಕೆ ಸೇರುತ್ತಿತ್ತು, ಹೊರಬರಲು ಇದ್ದ ಒಂದೇ ಬಾಗಿಲು ನಾವು ಮುಚ್ಚಿದ್ದೆವು. ಒತ್ತಡ ಏರಿ ಬಲ ಶ್ವಾಸಕೋಶ ಚಪ್ಪಟೆಯಾಯಿತು, ಹೃದಯ ಎಡಕ್ಕೆ ತಳ್ಳಲ್ಪಟ್ಟಿತು, ಹೃದಯಕ್ಕೆ ರಕ್ತ ಹಿಂದಿರುಗುವ ದೊಡ್ಡ ಸಿರೆಗಳು ಒತ್ತಿಹೋದವು. ಇದೇ ಟೆನ್ಷನ್ ನ್ಯೂಮೋಥೊರಾಕ್ಸ್. ಇನ್ನು ಕೆಲವು ನಿಮಿಷ ಕಳೆದಿದ್ದರೆ ಹೃದಯ ನಿಲ್ಲುತ್ತಿತ್ತು. ಶ್ವಾಸನಾಳ ಒಂದು ಕಡೆಗೆ ಸರಿದಿದೆಯೇ ಎಂದು ಕತ್ತು ಮುಟ್ಟಿ ನೋಡುತ್ತಾ ಕಾಯುವ ರೋಗವಲ್ಲ ಇದು, ಆ ಲಕ್ಷಣ ಬರುವುದೇ ತಡವಾಗಿ.

ಗುಳ್ಳೆ ಬರುತ್ತಿರುವ ನಳಿಕೆಗೆ ಸಾಗಿಸುವಾಗ ಕ್ಲಾಂಪ್ ಹಾಕಲೇಬಾರದು. ಬಾಟಲಿಯನ್ನು ನೆಟ್ಟಗೆ, ಎದೆಯ ಮಟ್ಟಕ್ಕಿಂತ ಕೆಳಗೆ ಹಿಡಿದುಕೊಂಡು ಹೋದರೆ ಸಾಕು, ನೀರು ಹಿಂದಿರುಗುವುದಿಲ್ಲ. ಬಾಟಲಿಯ ಗಾಳಿ ಹೊರಹೋಗುವ ಚಿಕ್ಕ ಕೊಳವೆ ತೆರೆದೇ ಇರಬೇಕು, ಅದು ಮುಚ್ಚಿದರೂ ಕ್ಲಾಂಪ್ ಹಾಕಿದಂತೆಯೇ. ನಳಿಕೆ ಬಾಟಲಿಯಿಂದ ಕಳಚಿಕೊಂಡರೆ ತುದಿಯನ್ನು ಸ್ಟೆರೈಲ್ ನೀರಿನ ಬಾಟಲಿಯಲ್ಲಿ ಎರಡು ಸೆಂ.ಮೀ. ಮುಳುಗಿಸಿದರೆ ತಾತ್ಕಾಲಿಕ ಸೀಲ್ ಆಗುತ್ತದೆ. ಗುಳ್ಳೆ ಇರುವವರ ನಳಿಕೆಯೇ ಎದೆಯಿಂದ ಕಿತ್ತು ಬಂದರೆ ಗಾಯವನ್ನು ಡ್ರೆಸಿಂಗ್‌ನಿಂದ ಮುಚ್ಚಿ ಮೂರು ಬದಿಗೆ ಮಾತ್ರ ಅಂಟಿಸಿ, ಒಳಗಿನ ಗಾಳಿಗೆ ನಾಲ್ಕನೇ ಬದಿ ಬಿಟ್ಟು, ಡಾಕ್ಟರನ್ನು ಕೂಗಬೇಕು. ಕ್ಲಾಂಪ್ ವಾರ್ಡಿನಲ್ಲಿ ಇರಲಿ, ಬಾಟಲಿ ಬದಲಿಸುವ ಕ್ಷಣಕ್ಕೆ ಬೇಕಾಗುತ್ತದೆ. ಆದರೆ ಹಾಕಿದವರು ತೆಗೆಯುವವರೆಗೂ ಅಲ್ಲಿಂದ ಕದಲಬಾರದು.

ಅಂದು ಸಂಜೆ ಆ ಕಿರಿಯ ಸಿಸ್ಟರ್ ಅಳುತ್ತಾ ಕೂತಿದ್ದರು. ತಪ್ಪು ನಿನ್ನೊಬ್ಬಳದಲ್ಲ ಎಂದೆ, ಸಮಾಧಾನಕ್ಕೆಂದು ಹೇಳಿದ ಮಾತಲ್ಲ. ಆರು ಸಲ ಹಾಕು ಎಂದು ಹೇಳಿಕೊಟ್ಟವರು ನಾವು, ಏಳನೇ ಸಲ ಯಾಕೆ ಬೇಡ ಎಂದು ಹೇಳಿಕೊಡದವರೂ ನಾವೇ. ಘಟನೆಯ ವರದಿಯಲ್ಲಿ ನನ್ನ ಚೀಟಿಯ ಪ್ರತಿಯನ್ನೂ ಲಗತ್ತಿಸಿದೆ. ರೋಗಿಗೂ ಅವರ ಹೆಂಡತಿಗೂ ಏನಾಯಿತೆಂದು ಡಾಕ್ಟರ್ ಬಿಡಿಸಿ ಹೇಳಿದರು, ನಾನೂ ಪಕ್ಕದಲ್ಲಿ ನಿಂತಿದ್ದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಸ್ಕ್ಯಾನ್‌ಗೆ ಹೋಗುವಾಗ ಯಾರು ಜೊತೆಗಿರ್ತಾರೆ?" ನಾನೇ ಹೋದೆ.

ಸಿಟಿಯಲ್ಲಿ ಹಿಂಬದಿಯಲ್ಲಿ ಉಳಿದ ಕೀವಿನ ಗೂಡು, ಶ್ವಾಸಕೋಶದ ಮೇಲೆ ಸಿಪ್ಪೆ, ಕೆಳಹಾಲೆಯಲ್ಲಿ ಸಣ್ಣ ತೂತು. ಇನ್ನೂ ಐದು ದಿನ ಕಾದರೂ ಗುಳ್ಳೆ ನಿಲ್ಲಲಿಲ್ಲ. ವ್ಯಾಟ್ಸ್ ಎನ್ನುವ ಕ್ಯಾಮೆರಾ ಶಸ್ತ್ರಚಿಕಿತ್ಸೆಯಲ್ಲಿ ಸಿಪ್ಪೆ ಸುಲಿದು, ತೂತು ಮುಚ್ಚಿ, ಗಾಳಿಗೆ ಮೇಲೊಂದು, ದ್ರವಕ್ಕೆ ಕೆಳಗೊಂದು ನಳಿಕೆ ಇಟ್ಟರು. ಎರಡಕ್ಕೂ ಕೆಂಪು ಟೇಪು ಸುತ್ತಿ "ಕ್ಲಾಂಪ್ ಬೇಡ" ಎಂದು ಬರೆದೆವು. ಮೇಲಿನದನ್ನು ಶಸ್ತ್ರಚಿಕಿತ್ಸೆಯಾದ ನಾಲ್ಕನೇ ದಿನ ತೆಗೆದರು.

ಆರನೇ ದಿನ ಕೆಳಗಿನದು. ಅಂದೂ ಕಾಲಮ್ ನಿಂತಿತ್ತು, 24 ಗಂಟೆಯಲ್ಲಿ 90 ಮಿ.ಲೀ. ತಿಳಿ ದ್ರವ ಬಂದಿತ್ತು. ಈ ಸಲ ಬೆನ್ನು ತಟ್ಟಿದರೆ ತಳದವರೆಗೂ ಟೊಳ್ಳು ಸದ್ದು, ಉಷ್ಣತೆ 36.8, ಉಸಿರಾಟ 18, ಎಕ್ಸ್‌ರೇಯಲ್ಲಿ ಶ್ವಾಸಕೋಶ ಗೋಡೆಗೆ ಮುಟ್ಟಿತ್ತು. ಅರ್ಧ ಗಂಟೆ ಮೊದಲೇ ನೋವಿನ ಔಷಧ ಕೊಟ್ಟಿದ್ದೆ. ಉಸಿರು ಪೂರ್ತಿ ಬಿಟ್ಟು ಹಿಡಿಯುವುದನ್ನು ಮೂರು ಸಲ ಅಭ್ಯಾಸ ಮಾಡಿಸಿದೆವು. "ಹಿಡೀರಿ" ಎಂದ ಕ್ಷಣಕ್ಕೆ ಡಾಕ್ಟರ್ ಒಂದೇ ಎಳೆತಕ್ಕೆ ತೆಗೆದರು, ನಾನು ಹೊಲಿಗೆಯ ಗಂಟು ಬಿಗಿದೆ. ರೋಗಿ ಉಸಿರೆಳೆಯುವುದನ್ನೇ ಮರೆತಿದ್ದರು. "ಇನ್ನು ಉಸಿರೆಳೆಯಬಹುದು ಯಜಮಾನ್ರೇ" ಎಂದ ಮೇಲೆ ಎಳೆದರು.

ಆರು ವಾರ ಬಿಟ್ಟು ತೋರಿಸಲು ಬಂದಾಗ ಎಕ್ಸ್‌ರೇಯ ಬಲ ಕೆಳಮೂಲೆ ಸ್ವಲ್ಪ ಮೊಂಡಾಗಿ ಉಳಿದಿತ್ತು. ಕೇಳುವ ಮೊದಲೇ ಬಲಗೈಯನ್ನು ಕಿವಿಗೆ ತಾಗುವಂತೆ ಮೇಲೆತ್ತಿ ತೋರಿಸಿದರು. ವಾರ್ಡಿನ ಬಾಗಿಲಲ್ಲಿ ನಿಂತು ಆ ಕಿರಿಯ ಸಿಸ್ಟರ್‌ಗಾಗಿ ಕಣ್ಣಾಡಿಸಿದರು. ಅವರು ಒಳಗೆ ಹೊಸ ರೋಗಿಯ ಬಾಟಲಿಯನ್ನು ನೆಲದ ಸ್ಟ್ಯಾಂಡಿಗೆ ಇಡುತ್ತಿದ್ದರು. ಇಟ್ಟು, ಎದ್ದು, ರೋಗಿಯ ಬೆನ್ನು ತಟ್ಟಿ ನೋಡಿದರು.